ದಪ್ಪ ಮರಿಯ ತೂಕ

ಮಳವಳ್ಳಿ, ನವೆಂಬರ್ ೧೪, ಶುಕ್ರವಾರ

ಮಂಡ್ಯದ ಸನ್ಮಾನದಲ್ಲಿ ಹೃದಯದ ಡಾಕ್ಟರಿಂದ ಹಿಡಿದು ಪ್ರವಾಹ ಅಳೆಯುವವರ ತನಕ ಎಲ್ಲರೂ ನನ್ನ ಸಂಖ್ಯಾಶಾಸ್ತ್ರದ ಸೂತ್ರವನ್ನು ಹೊಗಳಿದರು. ಅದು ಹುಟ್ಟಿದ್ದು ಬಂಡೂರಿನ ಕುರಿಗಳಿಂದ ಎಂದರೆ ಸಭೆಗೆ ಸಭೆಯೇ ನಕ್ಕಿತು! ಅಲ್ಲಿ ಕುರಿ ತೂಗಲು ಹೋದಾಗಲೆಲ್ಲ ಕುರಿ ಸಾಕುವ ಬೆಟ್ಟಯ್ಯ ದಪ್ಪ ಮರಿಗಳನ್ನು ಬಚ್ಚಿಡುತ್ತಿದ್ದ. "ತೂಗುದ್ರೆ ಕಣ್ಣಾಯ್ತದೆ ಕಣಮ್ಮ, ಬುಡಿ." ಹಾಗೆ ಬಚ್ಚಿಟ್ಟದ್ದನ್ನೂ ಲೆಕ್ಕಕ್ಕೆ ತರುವ ಸೂತ್ರಕ್ಕಾಗಿಯೇ ನನ್ನ ಆಯುಸ್ಸು ತೇದೆ.

ಮನೆಗೆ ಬಂದರೆ ಮಕ್ಕಳ ಡಾಕ್ಟರ ಫೋನು: ಮೊಮ್ಮಗಳ ತೂಕ ಎಷ್ಟು? ನನ್ನ ಅಮ್ಮ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. "ಗುಂಡುಗುಂಡಾಗಿದೆ ಕಣೇ, ತೂಗಬೇಡ, ದೃಷ್ಟಿಯಾಗುತ್ತೆ."

ತಲೆ ಚಚ್ಚಿಕೊಂಡೆ. ಅಂದಾಜಿನಲ್ಲೇ ಏಳು ಕೆಜಿ ಎನ್ನಲು ಹೊರಟೆ. ಅಮ್ಮ ಕಣ್ಣು ಕೆಕ್ಕರಿಸಿದಳು.

ಬಾಯಿಂದ ಬಂದದ್ದು ಆರೂವರೆ. ನನ್ನ ಸೂತ್ರಕ್ಕಿಷ್ಟು ಬೆಂಕಿ ಹಾಕ.