ಐದು ಸೇಬಿನ ತಟ್ಟೆ

ಸೆಪ್ಟೆಂಬರ್ 24

ಮತ್ತೆ ಎಣಿಸಿದೆ. ಸೇಬಿನ ಮರದಲ್ಲಿ ಆರೇ ಹಣ್ಣು. ಮೇಳದ ಸ್ಪರ್ಧೆಯ ತಟ್ಟೆಗೆ ಐದು ಬೇಕು — ಒಂದೇ ಗಾತ್ರ, ಒಂದೇ ಬಣ್ಣ, ತೊಟ್ಟು ಇರಲೇಬೇಕು. ನನ್ನ ಹೆಂಡತಿ ಲಿಯೋಟಾ ನೂರು ಹಣ್ಣು ನೋಡಿ ಐದನ್ನು ಆರಿಸುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಇಲಿಗಳು ಹಿಮದಡಿ ಬುಡದ ತೊಗಟೆಯನ್ನು ಸುತ್ತಲೂ ತಿಂದುಬಿಟ್ಟವು. ನವೆಂಬರಿನಲ್ಲಿ ಬುಡಕ್ಕೆ ತಂತಿಬಲೆ ಸುತ್ತುವುದು ನನ್ನ ಕೆಲಸ. ಹೋದ ಸಲ ಆಗ ಅವಳ ಜೊತೆ ಆಸ್ಪತ್ರೆಯಲ್ಲಿದ್ದೆ... ಮರೆತೆ. ಸುತ್ತಲೂ ತೊಗಟೆ ಹೋದ ಮರ ಬದುಕುವುದಿಲ್ಲ; ಇದೇ ಕೊನೆಯ ಬೆಳೆ. ಅವಳು ಮೇ ತಿಂಗಳಲ್ಲೇ ಹೋದಳು.

ಸೆಪ್ಟೆಂಬರ್ 29

ಪಕ್ಕದ ತೋಟದ ಎಲ್‌ಬ್ರಿಜ್ ಬಂದಿದ್ದ. ಹದಿನೇಳು ವರ್ಷ ಮೇಳದಲ್ಲಿ ಅವನಿಗೇ ಮೊದಲ ಬಹುಮಾನದ ನೀಲಿ ರಿಬ್ಬನ್. ಅವಳಿಗೆ ಎರಡನೆಯದರ ಕೆಂಪು.

"ಈ ಸಲ ನಾನು ತಟ್ಟೆ ಇಡಲ್ಲ ಕಣೋ ಹೈರಮ್."

"ಕರುಣೆ ಬೇಡ. ಇಡು."

"ಕರುಣೆ ಅಲ್ಲ ಮಾರಾಯ. ಅವಳಿಲ್ದೆ ಯಾರನ್ನ ಸೋಲಿಸ್ಲಿ? ನಿನ್ನನ್ನಾ? ಸೇಬು ಯಾವ್ದು, ಆಲೂಗಡ್ಡೆ ಯಾವ್ದು ಅಂತ ಗೊತ್ತಾ ನಿಂಗೆ?"

ನಕ್ಕೆ. ಮೇ ನಂತರ ಮೊದಲ ಸಲ. ತಟ್ಟೆಗೆ ಅಂಟಿಸುವ ಚೀಟಿಯಲ್ಲಿ ಅವಳ ಹೆಸರನ್ನೇ ಬರೆದೆ. ಈ ಬಾರಿಯಾದರೂ ನೀಲಿ.

ಅಕ್ಟೋಬರ್ 3, ಸಂಜೆ

ಐದು ಕಿತ್ತೆ. ತೊಟ್ಟು ಒಂದೂ ಮುರಿಯಲಿಲ್ಲ. ಕಪ್ಪು ನೇರಳೆ ಬಣ್ಣ, ಮೇಲೆಲ್ಲ ಬೂದಿ ಮುಸುಕಿದ ಹಾಗೆ. ಅವಳ ಫ್ಲಾನೆಲ್ ಬಟ್ಟೆಯಿಂದ ಒಂದೊಂದನ್ನೂ ಉಜ್ಜಿದೆ. ಒಂದು ಗಂಟೆ ಹಿಡಿಯಿತು. ಈಗ ಮುಖ ಕಾಣುವಷ್ಟು ಹೊಳಪು. ಇಷ್ಟು ವರ್ಷ ಒಂದನ್ನೂ ನನ್ನ ಕೈಗೆ ಕೊಟ್ಟವಳಲ್ಲ. "ದೂರ ನಿಂತು ನೋಡು" ಅನ್ನುತ್ತಿದ್ದಳು.

ಆರನೆಯದು ಚಿಕ್ಕದು. ಕೊಂಬೆಯಲ್ಲೇ ಬಿಟ್ಟೆ.

ಅಕ್ಟೋಬರ್ 5

ಮೇಳ. ಈ ಜಾತಿಯ ಸೇಬಿಗೆ ನಮ್ಮದೊಂದೇ ತಟ್ಟೆ. ತೀರ್ಪು ಕೊಡುವ ಮಿಸೆಸ್ ಥರ್ಲೋ ಬಗ್ಗಿ ನೋಡಿದರು. ಮುಟ್ಟಲಿಲ್ಲ.

"ಇವನ್ನ ಉಜ್ಜಿದ್ದು ಯಾರು?"

"ನಾನೇ. ಧೂಳಿತ್ತು."

"ಧೂಳಲ್ಲಪ್ಪ ಅದು. ಹಣ್ಣು ತಾನೇ ಹೊದ್ದುಕೊಳ್ಳೋದು. ಅದನ್ನ ಅಳಿಸಿದ್ರೆ ನಾನು ಬಹುಮಾನ ಕೊಡೋ ಹಾಗಿಲ್ಲ. ಲಿಯೋಟಾ ಹೇಳಿರ್ಲಿಲ್ವಾ?"

ನಾನು ಕೇಳಿರಲಿಲ್ಲ.

ನೀಲಿ ಇಲ್ಲ. ಕೆಂಪೂ ಇಲ್ಲ. ಅವಳ ಹೆಸರಿನ ಕೆಳಗೆ ಖಾಲಿ. ಎಲ್‌ಬ್ರಿಜ್ ಪಕ್ಕದಲ್ಲೇ ನಿಂತಿದ್ದ. ಒಂದು ಕುಚೋದ್ಯದ ಮಾತನ್ನೂ ಆಡಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಅಕ್ಟೋಬರ್ 27

ಎಲೆಯೆಲ್ಲ ಉದುರಿದೆ. ಆರನೆಯ ಹಣ್ಣು ಇನ್ನೂ ಇತ್ತು, ಬೂದಿ ಹೊದ್ದುಕೊಂಡೇ. ತೊಟ್ಟು ಹಿಡಿದು ಇಳಿಸಿದೆ. ಅವಳ ತಟ್ಟೆಯಲ್ಲಿಟ್ಟು ದೂರ ನಿಂತು ನೋಡಿದೆ.

ಮಧ್ಯಾಹ್ನ ಬುಡಕ್ಕೆ ತಂತಿಬಲೆ ಸುತ್ತಿ ಬಂದೆ. ಮರದಲ್ಲಿ ಜೀವವಿಲ್ಲ, ಗೊತ್ತು. ಆದರೂ ನವೆಂಬರ್ ಹತ್ತಿರ ಬಂತು, ಅವಳು ಕೇಳಿದರೆ ಸುತ್ತಿದ್ದೇನೆ ಅನ್ನಬೇಕಲ್ಲ.