ಎರಡು ಭಾಷೆ ಬಲ್ಲ ಯಂತ್ರ

ಮುಂಬಯಿ, ಜುಲೈ ೧೯೫೯

ತೀರ್ಥರೂಪ ಅಪ್ಪನವರಿಗೆ ಮಗಳು ಸಿದ್ದಲಿಂಗವ್ವನ ನಮಸ್ಕಾರಗಳು.

ನಮ್ಮ ಕಚೇರಿಯ ಲೆಕ್ಕದ ಯಂತ್ರ ಒಂದು ಕೋಣೆಯಷ್ಟು ದೊಡ್ಡದು. ತೂತು ಹೊಡೆದ ಕಾಗದದ ಪಟ್ಟಿಯಿಂದ ಅದಕ್ಕೆ ಮೊದಲು ಒಂದು ಭಾಷೆ ಕಲಿಸಿ, ಆಮೇಲೆ ಆ ಭಾಷೆಯಲ್ಲೇ ಕೆಲಸ ಹೇಳಬೇಕು. ಈ ವರ್ಷ ಆ ಭಾಷೆಯನ್ನು ತಿದ್ದಿ ಹೊಸದು ಮಾಡಿದರು. ನಮ್ಮೂರ ಹೊಳೆಗೆ ಕೊಣ್ಣೂರಿನ ಹತ್ತಿರ ಕಟ್ಟಲಿರುವ ಸೇತುವೆಗಾಗಿ ನಾನು ಹಳೆಯದರಲ್ಲಿ ಬರೆದಿದ್ದ ಮಹಾಪೂರದ ಲೆಕ್ಕ ಯಂತ್ರಕ್ಕೆ ತಿಳಿಯದೆ ನಿಂತೇಹೋಯಿತು.

ನಮ್ಮ ಮುಖ್ಯಸ್ಥರಾದ ಗಜೇಂದ್ರಗಡದ ಮೈನುದ್ದೀನ ಸಾಹೇಬರು, "ಮತ್ತ ಬರೀಬೇಕಂದ್ರ ಭಾಳ ದಿನ ಹಿಡೀತದವಾ. ಅಷ್ಟರಾಗ ಸೇತುವೆ ಕಟ್ಟೇಬಿಡ್ತಾರ" ಎಂದರು.

"ಹಳೇ ಭಾಷಾದ ಪಟ್ಟಿನ ಮೊದಲ ಹಾಕಿ ನೋಡೋಣೇನ್ರಿ?" ಎಂದೆ.

ಹಾಕಿದೆವು. ಯಂತ್ರ ಹಳೆಯ ಮಾತನ್ನು ಮತ್ತೆ ಕೇಳಿತು. ಹೊಸ ಪಟ್ಟಿ ಕೊಟ್ಟರೆ ಹೊಸ ಮಾತನ್ನೂ ಕೇಳಿತು. ಒಂದೇ ಯಂತ್ರದೊಳಗೆ ಎರಡೂ ಬದುಕಿದ್ದವು. ಸಾಹೇಬರು ಸೇತುವೆಯ ಲೆಕ್ಕವನ್ನು ಆಗಲೇ ಹಾಕಿಸಿದರು.

ಸೇತುವೆ ನಕ್ಷೆಯಲ್ಲಿರುವುದಕ್ಕಿಂತ ಎತ್ತರವಾಗಬೇಕೆಂದು ಲೆಕ್ಕ ಹೇಳುತ್ತದೆ. ಖಾತ್ರಿ ಮಾಡಿಕೊಳ್ಳಲು ಇಂಜಿನಿಯರರು ಊರಿಗೆ ಬರುತ್ತಾರೆ. ಅವ್ವನನ್ನು ನರಗುಂದದ ದವಾಖಾನೆಗೆ ಒಯ್ಯಲು ಬಿಡದ ಆ ವರ್ಷದ ನೀರು ಎಲ್ಲಿಯವರೆಗೆ ಏರಿತ್ತೆಂದು ನಿಮಗೆ ಗೊತ್ತು. ಆಮೇಲೆ ನೀವು ಹೊಳೆಯ ಕಡೆ ಹೋಗಿಲ್ಲವೆಂಬುದು ನನಗೆ ಗೊತ್ತು. ಒಮ್ಮೆ ಅವರ ಜೊತೆ ಹೋಗಿ ಜಾಗ ತೋರಿಸಿರಿ. ದಂಡೆ ಜಾರುತ್ತದೆ, ಕೋಲು ಹಿಡಿದುಕೊಂಡು ಹೋಗಿರಿ.

ನಿಮ್ಮ ಮಗಳು,
ಸಿದ್ದು