ವಾಲ್ಡಾ ಹಾಸಿದ ನೆಲ

೪ ಫೆಬ್ರವರಿ ೨೦೧೯, ಸೋಮವಾರ

ಇಲ್ಲಿ ಫೆಬ್ರವರಿ ಅಂದರೆ ಕಡುಬೇಸಿಗೆ, ಇವತ್ತೂ ನಲವತ್ತಮೂರು ಡಿಗ್ರಿ. ಶೆಡ್ಡಿನ ತಗಡು ಕಾದು ಟಣ್ ಟಣ್ ಅನ್ನುತ್ತಿದೆ. ವಾಲ್ಡಾ ಬೆಳಿಗ್ಗೆ ಐದಕ್ಕೆ ಒಳಹೊಕ್ಕವಳು ಹತ್ತಕ್ಕೆ ಹೊರಗೆ ಬಂದಳು. ತಲೆಯಿಂದ ಕಾಲಿನವರೆಗೆ ಕೆಂಪು ಧೂಳು. ವ್ಯಾಗನ್ನಿನ ಹಿಂಭಾಗದ ಹಳೇ ಹಾಸು ಪೂರ್ತಿ ಕಿತ್ತಾಯಿತಂತೆ. ಅಡಿಯಲ್ಲಿ ಎರಡು ಬಕೆಟ್ ಮಣ್ಣು, ಯಾವುದೋ ಮಗುವಿನ ಒಂಟಿ ಚಪ್ಪಲಿ, ಸತ್ತ ಹಲ್ಲಿ.

ಅರವತ್ನಾಲ್ಕರ ಹೋಲ್ಡನ್ ಕಾರು, ಹಿಂದೆ ಸಾಮಾನಿಗೆ ಉದ್ದ ಜಾಗ ಇರುವ ವ್ಯಾಗನ್. ಮೆನಿಂಡೀ ದಾರಿಯಲ್ಲಿ ಯಾರದೋ ಕುರಿ ಶೆಡ್ಡಿನ ಹಿಂದೆ ವರ್ಷಗಟ್ಟಲೆ ಕೊಳೆಯುತ್ತಿತ್ತು. ಹೋದ ಕ್ರಿಸ್‌ಮಸ್ಸಿಗೆ ಕಂಡದ್ದೇ ತಡ, ಬೇಕೇ ಬೇಕು ಎಂದು ಹಟ ಹಿಡಿದು ತಂದಳು. ಎಂಜಿನ್ ನನ್ನ ಪಾಲು — ಮುಗಿಯಿತು. ಹಿಂದಿನ ನೆಲ, ಪಕ್ಕದ ಹೊದಿಕೆ ಅವಳ ಪಾಲು. ಮುಟ್ಟಬೇಡ ಅಂದಿದ್ದಾಳೆ.

ಅವಸರ ಯಾಕೆಂದರೆ, ಡ್ಯಾರೆನ್ ಸ್ಲಾಟರಿಯ ಕಾರ್ ಸೀಟಿನ ಅಂಗಡಿಗೆ ಕೈ ಪಳಗಿದ ಆಳು ಬೇಕಂತೆ. ನನ್ನ ಹೆಂಡತಿ ಹೋಗಿ ಕೇಳಿದ್ದಾಳೆ. ಅರವತ್ತೈದನೇ ವಯಸ್ಸಿಗೆ! ಅವನು ನಗಲಿಲ್ಲ. "ಮಾಡಿದ್ದು ಏನಾದ್ರೂ ಇದ್ರೆ ತೋರ್ಸಿ" ಅಂದನಂತೆ. ಮಾರ್ಚ್ ಎರಡಕ್ಕೆ ಬಂದು ನೋಡುತ್ತಾನೆ. ಟಿವಿ ಮುಂದೆ ಕೂತಾಗಲೂ ಇವಳ ಬೆರಳುಗಳು ತೊಡೆಯ ಮೇಲೆ ಹೊಲಿಗೆ ಹಾಕುತ್ತಿರುತ್ತವೆ.

೭ ಫೆಬ್ರವರಿ

ಮುಟ್ಟಬೇಡ ಅಂದರೂ ಮುಟ್ಟಿದೆ. ಅವಳು ಪೇಟೆಗೆ ಹೋದಾಗ ನೆಲಕ್ಕೆ ಪ್ಲೈವುಡ್ ಕತ್ತರಿಸಿ ಕೂರಿಸಿಟ್ಟೆ. ಖುಷಿಪಡಲಿ ಅಂತ. ಗಟ್ಟಿ ಇರಲಿ ಅಂತ ಮುಕ್ಕಾಲು ಇಂಚಿನದ್ದು.

ಹಿಂಬಾಗಿಲು ಮುಚ್ಚುವುದೇ ಇಲ್ಲ!

ಬಂದು ನೋಡಿದಳು. ಸೊಂಟದ ಮೇಲೆ ಕೈ.

"ಏನಪ್ಪಾ ಇದು? ಮೇಲಿಂದ ಬಂಡೆ ಬೀಳುತ್ತೆ ಅಂತ ಆಧಾರ ಕೊಟ್ಯಾ?"

"ಗಟ್ಟಿ ಇರ್ಲಿ ಅಂತ..."

"ಗಣಿಯಿಂದ ಮೇಲಕ್ಕೆ ಬಂದು ಹನ್ನೆರಡು ವರ್ಷ ಆಯ್ತು ಕೀತ್. ಇನ್ನೂ ತಲೆ ಅಲ್ಲೇ ಇದೆ ನಿಂದು."

ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಊರಿನ ಗಂಡಸರು ನಾಯಿಗೂಡು ಕಟ್ಟಿದರೂ ಮೇಲೆ ಲಾರಿ ಓಡಿಸಬಹುದು, ನಿಜ. ಹಲಗೆಯನ್ನು ಎತ್ತಿ ಎರಡು ಡ್ರಮ್ಮಿನ ಮೇಲಿಟ್ಟು ಚಹಾ ಕುಡಿಯುವ ಮೇಜು ಮಾಡಿಕೊಂಡಳು. ತಾನು ತೆಳ್ಳಗಿನದು ತಂದು, ರಟ್ಟಿನಲ್ಲಿ ಮೊದಲು ಅಚ್ಚು ತೆಗೆದು, ಚಕ್ರದ ಉಬ್ಬಿನ ಸುತ್ತ ಕಣ್ಣಳತೆಯಲ್ಲೇ ಬಾಗು ಕೊರೆದಳು. ಕೂರಿಸಿದಾಗ ನಡುವೆ ಉಗುರು ತೂರುವಷ್ಟೂ ಸಂದಿಲ್ಲ. ನಾನು ನನ್ನ ಮೇಜಿನ ಮುಂದೆ ಕೂತು ಚಹಾ ಕುಡಿದೆ.

೧೨ ಫೆಬ್ರವರಿ, ಬೆಳಿಗ್ಗೆ ೯

ಇವತ್ತು ನೆಲಕ್ಕೆ ವಿನೈಲ್ ಹಾಸು ಅಂಟಿಸಿದಳು. ಈ ಸೆಕೆಯಲ್ಲಿ ಅಂಟು ಬಳಿಯುವುದರೊಳಗೆ ಒಣಗುತ್ತದೆ. ಅದಕ್ಕೇ ನಿನ್ನೆ ಇಡೀ ಹಗಲು ಹಾಳೆಯನ್ನು ಬಿಸಿಲಲ್ಲಿ ಹಾಸಿ ಸುರುಳಿ ಬಿಡಿಸಿದ್ದಳು. ಇವತ್ತು ತಂಪಿರುವಾಗಲೇ ಕೆಲಸ. ಅಂಟು ಬಳಿದಳು. ಕಾದಳು. ಬೆರಳ ಗಿಣ್ಣಿನಿಂದ ಮುಟ್ಟಿದಳು — ಬೆರಳ ತುದಿಯಿಂದಲ್ಲ, ಗಿಣ್ಣಿನಿಂದ. "ಈಗ" ಅಂದಳು. ನಾನು ಒಂದು ತುದಿ ಹಿಡಿದು ನಿಂತೆ, ಅಷ್ಟೇ. ಅವಳು ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಒತ್ತುತ್ತಾ ಹೋದಳು. ಒಂದೇ ಒಂದು ಗುಳ್ಳೆ ಇಲ್ಲ.

ಈ ಕೈಗಳನ್ನು ನಾನು ಇಷ್ಟು ವರ್ಷ ಎಲ್ಲಿ ನೋಡಿದ್ದೆ? ಪರದೆ ಹೊಲಿಯುವಾಗ. ಪ್ಯಾಂಟಿಗೆ ತೇಪೆ ಹಾಕುವಾಗ. ನೋಡಿದ್ದೆ ಅಂತ ಹೇಳುವುದೂ ಸುಳ್ಳೇ.

೧೩ ಫೆಬ್ರವರಿ

ಅವಳ ಭುಜ ನೋವು. ಎಡಪಕ್ಕದ ಹೊದಿಕೆ ಬಿಚ್ಚಿಕೊಡು ಅಂದಳು. ಕ್ಲಿಪ್ಪು ಒಂದೊಂದಾಗಿ ಎಬ್ಬಿಸಿ ತೆಗೆದೆ. ಹಲಗೆಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದಿತ್ತು — ವಿ. ರಾಡ, ೧೪-೩-೭೫.

ವಾಲ್ಡಾ ರಾಡ. ತವರಿನ ಹೆಸರು. ಅದರ ಮಾರನೇ ದಿನ, ಹದಿನೈದನೇ ತಾರೀಕು ಶನಿವಾರ, ನಮ್ಮ ಮದುವೆಯಾಯಿತು.

ಇವಳು ಈ ವ್ಯಾಗನ್ನಿಗೆ ಹಟ ಹಿಡಿದದ್ದು ಯಾಕೆ ಅಂತ ಈಗ ಗೊತ್ತಾಯಿತು. ನಾನು ನೋಡಿದ್ದನ್ನು ಅವಳು ನೋಡಿದಳು. "ಧೂಳು ಒರೆಸು" ಅಂದಳು. ಅಷ್ಟೇ.

೨೩ ಫೆಬ್ರವರಿ

ಹತ್ತು ದಿನ ಬರೆಯಲಾಗಲಿಲ್ಲ. ಬರೆದೇಬಿಡುತ್ತೇನೆ.

ಆಗ ನಮ್ಮೂರಲ್ಲಿ ಮದುವೆಯಾದ ಹೆಂಗಸು ಸಂಬಳದ ಕೆಲಸಕ್ಕೆ ಹೋಗುವಂತಿರಲಿಲ್ಲ. ಗಣಿಯೂರಿನ ಕಟ್ಟಳೆ. ಗಂಡನ ಸಂಬಳ ಮನೆಗೆ ಸಾಕು, ಕೆಲಸ ಮದುವೆಯಾಗದ ಹುಡುಗಿಯರಿಗೆ ಉಳಿಯಲಿ ಅಂತ. ಕಾರ್ಮಿಕ ಸಂಘದ ಸಭೆಯಲ್ಲಿ ಅದಕ್ಕೆ ನಾನೂ ಕೈ ಎತ್ತಿದವನೇ. ಕಟ್ಟಳೆಯ ಮಾತು ಹಾಗಿರಲಿ. ಅವಳೇ ಹೋಗಿ ತನ್ನ ಧಣಿಗೆ ಹೇಳಲಿ ಅಂತ ಬಿಡಬಹುದಿತ್ತಲ್ಲ? ಮದುವೆಗೆ ಎರಡು ದಿನ ಮುಂಚೆ, ಗುರುವಾರ, ಪಾಳಿ ಮುಗಿಸಿ ಅವಳು ಕೆಲಸ ಮಾಡುತ್ತಿದ್ದ ಸೀಟಿನ ಅಂಗಡಿಗೆ ನಾನೇ ಹೋದೆ. ಡ್ಯಾರೆನ್ನನ ಅಪ್ಪನಿಗೆ ಹೇಳಿದೆ: "ಸೋಮವಾರದಿಂದ ಅವಳನ್ನ ಕಳಿಸಲ್ಲ." ದೊಡ್ಡ ಗಂಡಸಿನ ಹಾಗೆ. ಅವಳು ಒಳಗೆ ಹೊಲಿಗೆ ಯಂತ್ರದ ಮುಂದೆ ಇದ್ದಳು. ಯಂತ್ರ ನಿಂತಿತು. ಆಮೇಲೆ ಮತ್ತೆ ಓಡಿತು.

ಮಾರನೇ ದಿನ ಈ ಹೊದಿಕೆ ಮುಗಿಸಿ ಹೆಸರು ಬರೆದಿದ್ದಾಳೆ.

ಕಟ್ಟಳೆ ಕೆಲವೇ ವರ್ಷಕ್ಕೆ ಬಿದ್ದುಹೋಯಿತು. ಆಗ ಮೂರು ಮಕ್ಕಳು. ಮತ್ತೆ ಹೋಗ್ತೀಯಾ ಅಂತ ನಾನು ಕೇಳಲಿಲ್ಲ. ನಾಚಿಕೆಯಾಗುತ್ತದೆ.

೨ ಮಾರ್ಚ್, ಶನಿವಾರ

ಡ್ಯಾರೆನ್ ಬಂದ. ಹಿಂಬಾಗಿಲು ತೆಗೆದ, ಮುಚ್ಚಿದ, ಮತ್ತೆ ತೆಗೆದ. ಒಳಗೆ ತಲೆ ಹಾಕಿ ಅಂಚುಗಳ ಮೇಲೆ ಅಂಗೈ ಓಡಿಸಿದ. ಆಮೇಲೆ ತನ್ನ ಟೂಲ್ ಬಾಕ್ಸ್ ತಂದು ನೆಲದ ಮೇಲಿಟ್ಟು ಜೋರಾಗಿ ತಳ್ಳಿದ. ಅದು ಹಾಸು ಸವೆಯದಿರಲಿ ಅಂತ ವಾಲ್ಡಾ ಕೂರಿಸಿದ್ದ ಉಕ್ಕಿನ ಪಟ್ಟಿಗಳ ಮೇಲೆ ಸರ್ರನೆ ಸೀಟಿನವರೆಗೆ ಹೋಗಿ ನಿಂತಿತು. ವಿನೈಲಿಗೆ ಒಂದು ಗೀರೂ ಇಲ್ಲ.

"ಪರವಾಗಿಲ್ಲ" ಅಂದ.

ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ವಾಲ್ಡಾಳ ಕಿವಿ ಕೆಂಪಾಯಿತು.

ಅಷ್ಟರಲ್ಲಿ ಆ ಪುಣ್ಯಾತ್ಮ ನನ್ನ ಕಡೆ ತಿರುಗಿದ. "ಏನಂತೀರಾ ಕೀತ್? ವಾರಕ್ಕೆ ಮೂರು ದಿನ ಕಳಿಸ್ತೀರಾ?"

ಹುಡುಗ ಕೆಟ್ಟವನಲ್ಲ. ಬಾಯಿಗೆ ಬಂದದ್ದು ಅಂದ. ಅವನ ಅಪ್ಪನ ಮುಂದೆ ನಾನು ಆಡಿದ್ದೂ ಅದೇ ಮಾತು, ಕಳಿಸುವುದು. ವಾಲ್ಡಾ ನನ್ನನ್ನೇ ನೋಡುತ್ತಿದ್ದಳು.

"ನನ್ನೇನ್ ಕೇಳ್ತೀಯೋ?" ಅಂದೆ. ದನಿ ಜೋರಾಯಿತು. "ಕೆಲಸ ಮಾಡಿದ್ದು ನಾನಾ? ನಾನು ಮಾಡಿದ್ದು ನೋಡ್ಬೇಕಾ, ಅಲ್ಲಿದೆ ನೋಡು, ಚಹಾದ ಮೇಜು. ಬರೋದು ಬಿಡೋದು ಅವಳನ್ನ ಕೇಳು!"

ಡ್ಯಾರೆನ್ ಟೋಪಿ ತೆಗೆದು ಅವಳನ್ನು ಕೇಳಿದ. ಅವಳು ತಕ್ಷಣ ಹೂಂ ಅನ್ನಲಿಲ್ಲ.

"ಬರ್ತೀನಿ. ಈ ಸೋಮವಾರ ಅಲ್ಲ, ಮುಂದಿನ ಸೋಮವಾರ. ಬಲಗಡೆ ಎರಡನೇ ಪಟ್ಟಿ ಕೂದಲೆಳೆಯಷ್ಟು ಓರೆ ಇದೆ. ಸರಿಮಾಡ್ಬೇಕು."

ಅವನಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಎಂಥಾ ಹೆಂಗಸು!

೩ ಮಾರ್ಚ್, ಭಾನುವಾರ

ಕುಂಬಳಕಾಯಿ ಹೆಚ್ಚುತ್ತಿದ್ದಳು. ಓವನ್ನಿನಲ್ಲಿ ಕುರಿಮಾಂಸ. ಹೇಳಿಬಿಟ್ಟೆ. ಅವತ್ತು ನಾನು ಅಂಗಡಿಗೆ ಹೋಗಿದ್ದು ತಪ್ಪು, ಹೋಗಬಾರದಿತ್ತು ಅಂತ.

ಚಾಕು ನಿಲ್ಲಲಿಲ್ಲ.

"ನಲವತ್ನಾಲ್ಕು ವರ್ಷ ಯಾಕೆ ಒಂದು ಮಾತೂ ಆಡ್ಲಿಲ್ಲ ನೀನು?" ಅಂದೆ.

"ಯಾರು ಕೇಳಿದ್ರು?"

"ಸಿಟ್ಟು ಬಂದಿತ್ತಾ?"

"ಮೂರು ವರ್ಷ."

"ಆಮೇಲೆ?"

"ಆಮೇಲೆ ನಿನ್ನ ಮೇಲೆ ಇರ್ಲಿಲ್ಲ. ನನ್ನ ಕೈ ನೋಡಿದ್ರೆ ಸಂಕಟ ಆಗ್ತಿತ್ತು, ಅಷ್ಟೇ." ಹೆಚ್ಚಿದ ಹೋಳುಗಳನ್ನು ತಟ್ಟೆಗೆ ಸುರಿದಳು. "ಅಳ್ಬೇಡ ಮಾರಾಯಾ. ಆಲೂಗಡ್ಡೆ ಸುಲಿ."

ಸುಲಿದೆ. ದಪ್ಪ ದಪ್ಪ ಸಿಪ್ಪೆ ತೆಗೆದೆ ಅಂತ ಬೈಸಿಕೊಂಡೆ.

೧೧ ಮಾರ್ಚ್, ಸೋಮವಾರ, ಸಂಜೆ ೫:೨೦

ಬೆಳಿಗ್ಗೆ ಏಳಕ್ಕೆ ಹೋದಳು. ಅದೇ ವ್ಯಾಗನ್ನಿನಲ್ಲಿ. ಮೂಲೆ ತಿರುಗುವವರೆಗೆ ನಿಂತು ನೋಡಿದೆ. ಮನೆಯಲ್ಲಿ ನಾನೊಬ್ಬನೇ. ದಿನ ಇಷ್ಟು ಉದ್ದ ಇರುತ್ತದೆ ಅಂತ ಗೊತ್ತಿರಲಿಲ್ಲ. ಇವಳು ಹೇಗೆ ಕಳೆದಳೋ.

ಮೂವತ್ತೈದು ವರ್ಷ ಗಣಿಯಿಂದ ಬಂದಾಗಲೆಲ್ಲ ಬಾಗಿಲಲ್ಲೇ ಕೇಳುತ್ತಿದ್ದಳು, ಇವತ್ತು ಹೇಗಿತ್ತು ಅಂತ. ನಾನು "ಹ್ಞೂಂ" ಅಂದು ಬೂಟು ಬಿಚ್ಚುತ್ತಿದ್ದೆ. ತಿರುಗಿ ಅವಳನ್ನು ಒಂದು ಸಲವೂ ಕೇಳಿದವನಲ್ಲ. ಇವತ್ತು ಅವಳು ಒಳಗೆ ಬರುವ ಮೊದಲೇ ನಾನೇ—

ಗೇಟು. ಬಂದಳು. ಹೋಗಿ ಕೇಳುತ್ತೇನೆ.